ದಾನ ಪಡೆದವನ ಹೊಣೆ

ದಾನದ ಹಿರಿಮೆಯನ್ನು ಕುರಿತು ನಮ್ಮಲ್ಲಿ ಹೇಳದವರಿಲ್ಲ. ಶಿಬಿ, ದಧೀಚಿ, ಕರ್ಣರ ಕಥೆಗಳನ್ನು ಕೇಳುತ್ತ ಬೆಳೆದ ಜನ ನಾವು. ಆದರೆ ಅವೆಲ್ಲ ಕೊಟ್ಟವನ ಕಥೆಗಳು. ಪಡೆದವನು ಆಮೇಲೆ ಹೇಗೆ ನಡೆದುಕೊಂಡನೆಂಬುದನ್ನು ಅವು ಹೆಚ್ಚಾಗಿ ವಿಚಾರಿಸುವುದಿಲ್ಲ. ಊರಿನ ಶಾಲೆ, ವಾಚನಾಲಯ, ವಿದ್ಯಾರ್ಥಿನಿಲಯ, ಸಾಹಿತ್ಯ ಸಂಘ ಇವುಗಳನ್ನು ನಡೆಸುವವರಿಗಾದರೋ ಮುಖ್ಯವಾದ ಪ್ರಶ್ನೆ ಇದೇ. ರಸೀತಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವ ಉತ್ಸಾಹ ನಮ್ಮಲ್ಲಿ ಬೇಕಾದಷ್ಟಿದೆ. ಕೆಲಸ ಮುಗಿದ ಮೇಲೆ ಅದೇ ಮನೆಗಳಿಗೆ ಹೋಗಿ, ‘ನೀವು ಕೊಟ್ಟ ಹಣದಿಂದ ಇಂಥದಾಯಿತು, ಬಂದು ನೋಡಿ’ ಎನ್ನುವವರು ಎಷ್ಟು ಮಂದಿ? ಮರುವರ್ಷ ಹಣ ಬೇಕಾದಾಗಲೇ ನಮಗೆ ಆ ಬಾಗಿಲುಗಳ ನೆನಪು. ಬಾಗಿಲು ತೆರೆಯುವುದು ತಡವಾದರೆ, ಜನರಲ್ಲಿ ಔದಾರ್ಯ ಕುಗ್ಗಿತೆಂದು ನಿಟ್ಟುಸಿರು ಬಿಡುತ್ತೇವೆ.

ಮದ್ದೂರು ತಾಲ್ಲೂಕಿನ ಆತಗೂರಿನ ಒಂದು ಕಲ್ಲು ಈ ವಿಷಯದಲ್ಲಿ ನಮಗಿಂತ ವಿವೇಕವುಳ್ಳದ್ದೆಂದು ನನಗೆ ತೋರುತ್ತದೆ. ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲ ಆತಕೂರು ಶಾಸನವೇ ಅದು. ಕ್ರಿ.ಶ. 949–50ರ ಈ ಕಲ್ಲು ಊರಿನ ಚಲ್ಲೇಶ್ವರ ದೇಗುಲದ ಮುಂದೆ ನಿಂತಿತ್ತು. ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದರು. ಅಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಮೆಚ್ಚಿದ ಬೂತುಗನು, ಬೇಕಾದುದನ್ನು ಬೇಡೆಂದನು. ಮಣಲೆರನು ಬೇಡಿದ್ದು ಹೊನ್ನನ್ನಲ್ಲ, ಒಡೆಯನ ಅಚ್ಚುಮೆಚ್ಚಿನ ಬೇಟೆನಾಯಿ ಕಾಳಿಯನ್ನು. ಆ ನಾಯಿ ಮುಂದೆ ಒಂದು ಹಂದಿಯೊಡನೆ ಸೆಣಸಿತು; ಎರಡೂ ಅಲ್ಲಿಯೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು.

ನಾಯಿಯ ಕಥೆಯನ್ನು ಎಲ್ಲರೂ ಮೆಚ್ಚುತ್ತಾರೆ; ಅದರ ಮುಂದಿನ ಮಾತುಗಳನ್ನು ಗಮನಿಸುವವರು ಕಡಿಮೆ. ದತ್ತಿಯನ್ನು ಕೆಡಿಸಿದವನಿಗೆ ಪಾಪವೆಂದು ಶಾಸನಗಳು ಶಪಿಸುವುದು ವಾಡಿಕೆ. ಈ ಕಲ್ಲು ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪವು ಅವನಿಗೂ ತಗಲುವುದೆಂದು ಅದು ಕಟ್ಟುಮಾಡುತ್ತದೆ. ದಾನವನ್ನು ಕದ್ದವನು ಹೇಗೋ, ದಾನವನ್ನುಂಡು ಅದರ ಉದ್ದೇಶವನ್ನು ಮರೆತವನೂ ಹಾಗೆಯೇ ಎಂಬುದು ಇದರ ಅರ್ಥವಲ್ಲವೆ? ಯಾವ ನೆಲ, ಎಷ್ಟು ನೆಲ, ಯಾವುದಕ್ಕಾಗಿ, ಪಡೆದವನು ದಿನವೂ ಮಾಡಬೇಕಾದುದೇನು ಎಂಬುದೆಲ್ಲ ಊರವರು ಕಾಣುವ ಜಾಗದಲ್ಲಿ ಅಕ್ಷರವಾಗಿ ನಿಂತಿತು. ಗುಟ್ಟಿನಲ್ಲಿರಿಸಿದ ಲೆಕ್ಕವಲ್ಲ ಅದು.

ಕೊಟ್ಟವರೊಡನೆ ಸಂಬಂಧವನ್ನು ಉಳಿಸಿಕೊಳ್ಳುವುದೆಂದರೆ ಅವರನ್ನು ಹೊಗಳುವುದೆಂದು ನಮ್ಮ ಸಂಸ್ಥೆಗಳು ಭಾವಿಸಿದಂತಿದೆ. ಹಾರ, ಶಾಲು, ಫಲತಾಂಬೂಲ, ಗೋಡೆಯ ಮೇಲೆ ಅಮೃತಶಿಲೆಯ ಫಲಕ—ಇಷ್ಟಾದರೆ ಋಣ ತೀರಿತು. ಹೊಗಳಿಕೆಯಿಂದ ಬಂದವನು ಹೆಚ್ಚಿನ ಹೊಗಳಿಕೆ ಸಿಗುವ ಕಡೆಗೆ ಹೋಗುತ್ತಾನೆ. ಇಲ್ಲವೆ ಸಂಸ್ಥೆಯೇ ತನ್ನದೆಂದು ಬಗೆದು, ಉಪಾಧ್ಯಾಯರ ನೇಮಕದಲ್ಲಿಯೂ ಕೈಯಾಡಿಸುತ್ತಾನೆ. ಆತಕೂರಿನ ಶಾಸನದಲ್ಲಿ ಅರಸರ ಬಿರುದುಗಳಿಗೇನೂ ಕೊರತೆಯಿಲ್ಲ, ನಿಜ. ಆದರೆ ನಿತ್ಯದ ಪೂಜೆಯನ್ನು ಅದು ವಿಧಿಸಿದ್ದು ಅರಸನಿಗಲ್ಲ, ಕಾಳಿಯ ನೆನಪಿಗೆ ನಿಂತ ಕಲ್ಲಿಗೆ. ಕೃತಜ್ಞತೆ ಸಲ್ಲಬೇಕಾದುದು ಮೊದಲು ಕಾರ್ಯಕ್ಕೆ, ಆಮೇಲೆ ವ್ಯಕ್ತಿಗೆ. ಈ ಕ್ರಮ ತಪ್ಪದಿದ್ದರೆ ಕೊಟ್ಟವನ ಮಾನವೂ ಉಳಿಯುತ್ತದೆ, ಪಡೆದವನ ಸ್ವಾತಂತ್ರ್ಯವೂ ಉಳಿಯುತ್ತದೆ.

ಗಾಂಧೀಜಿ ಈ ಮಾತನ್ನು ಇನ್ನೊಂದು ದಿಕ್ಕಿನಿಂದ ಯೋಚಿಸಿದ್ದರು. 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಕಟ್ಟಿದಾಗ, ಬಂದ ಹಣಕ್ಕೆಲ್ಲ ರಸೀತಿ ಕೊಟ್ಟು ಪೈಪೈಗೂ ಲೆಕ್ಕವಿಡಿಸಿದುದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಸಾರ್ವಜನಿಕ ಸಂಸ್ಥೆಗಳು ಶಾಶ್ವತ ನಿಧಿಯ ಮೇಲೆ ಬದುಕಬಾರದು, ವರ್ಷವರ್ಷವೂ ಜನ ಕೊಡುವ ಚಂದಾದಿಂದ ನಡೆಯಬೇಕೆಂಬುದು ಅನುಭವದಿಂದ ಅವರು ತಳೆದ ನಿಲುವು. ನಿಧಿ ಭದ್ರವಾದೊಡನೆ ಜನಾಭಿಪ್ರಾಯದ ಅಂಕೆ ತಪ್ಪುತ್ತದೆ. ಎಲ್ಲ ಸಂಸ್ಥೆಗಳಿಗೂ ಇದು ಒಪ್ಪಲಾರದು. ವಿದ್ಯಾರ್ಥಿನಿಲಯವು ಮಕ್ಕಳ ನಾಳಿನ ಊಟವನ್ನು ಚಂದಾ ಬರುವ ತನಕ ಮುಂದೂಡಲಾಗದು. ಆದರೂ ಇದರ ಒಳಗಿನ ಎಚ್ಚರಿಕೆ ಸತ್ಯವಾದುದು. ಶಾಶ್ವತವಾಗಿ ಭೂಮಿ ಬಿಟ್ಟ ಆತಕೂರಿನವರು ಗೊರವನ ಊಟಕ್ಕೇ ಕಟ್ಟಳೆ ಹಾಕಿದುದು, ಭದ್ರತೆ ತರುವ ಮರೆವನ್ನು ಬಲ್ಲವರಾದುದರಿಂದಲೇ ಇರಬೇಕು.

ಇಂದು ಮತ್ತೊಂದು ತೊಡಕು ಬಂದಿದೆ. 2013ರ ಕಂಪೆನಿ ಕಾಯಿದೆಯಂತೆ, ನಿಗದಿಯಾದ ಮಟ್ಟವನ್ನು ಮೀರಿದ ಕಂಪೆನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2 ಭಾಗವನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಇದರಿಂದ ಒಳಿತಾಗಿದೆ, ಇಲ್ಲವೆನ್ನಲಾಗದು. ಕಂಪೆನಿ ಕೇಳುತ್ತದೆಯೆಂದು ಅದಕ್ಕೆ ಚಿತ್ರಸಮೇತ ವರದಿಯನ್ನೂ ಒಪ್ಪಿಸುತ್ತೇವೆ. ಕಬ್ಬಿನ ಹಣ ಕೈಸೇರಿದ ದಿನ ನೂರು ರೂಪಾಯಿ ಕೊಟ್ಟ ಒಕ್ಕಲಿಗನಿಗೆ, ಪಿಂಚಣಿಯಲ್ಲಿ ಉಳಿಸಿ ಕೊಟ್ಟ ಮುದುಕ ಮೇಷ್ಟರಿಗೆ ಯಾವ ವರದಿ? ಅವರು ಕೇಳುವುದಿಲ್ಲ, ಆದುದರಿಂದ ನಾವು ಹೇಳುವುದಿಲ್ಲ. ಕೇಳುವ ಅಧಿಕಾರವುಳ್ಳವನಿಗೆ ಮಾತ್ರ ಲೆಕ್ಕವೊಪ್ಪಿಸುವುದು ಅಂಜಿಕೆಯೇ ಹೊರತು ಧರ್ಮವಲ್ಲ. ಕಂಪೆನಿಯ ಧೋರಣೆ ಬದಲಾದ ವರ್ಷ ಸಂಸ್ಥೆಗೆ ಆಸರೆಯಾಗಬೇಕಾದವರು ಇದೇ ಒಕ್ಕಲಿಗರು, ಇದೇ ಮೇಷ್ಟರು.

ಮಾಡಬೇಕಾದುದು ದೊಡ್ಡದೇನಲ್ಲ. ಬೇಡುವಾಗ ಮಣಲೆರನಂತೆ ಇಂಥದೇ ಬೇಕೆಂದು ಸ್ಪಷ್ಟವಾಗಿ ಬೇಡಬೇಕು. ಒಂದು ಕೆಲಸಕ್ಕೆಂದು ಬಂದುದನ್ನು ಕೊಟ್ಟವರಿಗೆ ತಿಳಿಸದೆ ಇನ್ನೊಂದಕ್ಕೆ ಹಾಕಬಾರದು. ವರ್ಷಕ್ಕೊಮ್ಮೆ ಜಮಾಖರ್ಚನ್ನು ಎಲ್ಲರೂ ಓದಬಲ್ಲ ಕನ್ನಡದಲ್ಲಿ ಬರೆದು ಸಂಸ್ಥೆಯ ಬಾಗಿಲಲ್ಲಿ ಹಚ್ಚಬೇಕು. ಕೆಲಸ ಕೆಟ್ಟಿದ್ದರೆ ಅದನ್ನೂ ಬರೆಯಬೇಕು. ಗೆಲುವನ್ನಷ್ಟೇ ಕೇಳಿದವನು ಅತಿಥಿಯಾಗಿ ಉಳಿಯುತ್ತಾನೆ, ಕಷ್ಟವನ್ನೂ ಕೇಳಿದವನು ಮನೆಯವನಾಗುತ್ತಾನೆ. ಹಣ ಬೇಡದ ದಿನವೂ ಒಮ್ಮೆ ಅವನ ಮನೆಗೆ ಹೋಗಿ ಬರಬೇಕು.

ಗೊರವರ ಕಾಲ ಹೋಯಿತು. ಆದರೆ ಉಣ್ಣುವ ಮೊದಲು ನೆನೆಯಬೇಕೆಂಬ ಕಟ್ಟಳೆ, ಜನರ ದುಡ್ಡಿನಿಂದ ನಡೆಯುವ ಪ್ರತಿಯೊಂದು ಸಂಸ್ಥೆಗೂ ಇಂದಿಗೂ ಸಲ್ಲತಕ್ಕದ್ದು.