ತೆಂಗಿಗೆ ಸೊನ್ನೆ! ಯಾರ ತಪ್ಪು?



ತೆಂಗಿನ ತೋಟದ ನಡುವೆ ಹುಟ್ಟಿ ಬೆಳೆದ ಮಕ್ಕಳು ‘ತೆಂಗು’ ಎಂದು ಬರೆದದ್ದಕ್ಕೆ ಸೊನ್ನೆ ಅಂಕ! ನಂಬುತ್ತೀರಾ? ನಮ್ಮ ಅಮ್ಮಸಂದ್ರದ ಸುತ್ತಿನ ಒಂದು ಶಾಲೆಯಲ್ಲಿ ನಡೆದ ಸಂಗತಿ ಇದು. ಮಕ್ಕಳು ತಪ್ಪು ಮಾಡಿರಲಿಲ್ಲ. ಮೇಷ್ಟ್ರೂ ಮಾಡಿರಲಿಲ್ಲ. ಮೊದಲ ತಪ್ಪು ನನ್ನ ಪ್ರೆಸ್ಸಿನದು. ಅದನ್ನು ಒಪ್ಪಿಕೊಂಡೇ ಈ ಮಾತು ಶುರು ಮಾಡುತ್ತೇನೆ.

ಆ ಶಾಲೆಗೆ ಡಿಜಿಟಲ್ ತರಗತಿ ಬಂತು. ಗೋಡೆಗೆ ದೊಡ್ಡ ಪರದೆ, ಮಕ್ಕಳ ಕೈಗೆ ಟ್ಯಾಬ್, ಉತ್ತರ ಒತ್ತಿದ ಕೂಡಲೇ ತಾನೇ ಅಂಕ ಹಾಕುವ ಕ್ವಿಜ್. ಮೇಷ್ಟ್ರು ಪ್ರೆಸ್ಸಿಗೆ ಬಂದು, “ನೀವು ಅಚ್ಚು ಹಾಕಿದ ಪ್ರಶ್ನೆಪತ್ರಿಕೆ, ಉತ್ತರಪಟ್ಟಿಯ ಫೈಲು ಕೊಡಿ, ಮತ್ತೆ ಟೈಪ್ ಮಾಡೋದು ತಪ್ಪುತ್ತೆ” ಅಂದರು. ಕೊಟ್ಟೆ. ನಮ್ಮ ಸೀಮೆಯ ಮುಖ್ಯ ತೋಟದ ಬೆಳೆ ಯಾವುದು ಎಂಬ ಪ್ರಶ್ನೆಗೆ ಇಡೀ ತರಗತಿ ತೆಂಗು ಎಂದು ಬರೆಯಿತು. ಇಡೀ ತರಗತಿಗೆ ಸೊನ್ನೆ ಬಿತ್ತು!

ಕಾರಣ ಹುಡುಕಿದೆವು. ತೆಂಗು, ತೆ೦ಗು. ಈ ಎರಡನ್ನೂ ನೋಡಿ. ವ್ಯತ್ಯಾಸ ಕಾಣುವುದೇ ಕಷ್ಟ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ನಮ್ಮ ಪ್ರೆಸ್ಸಿನಲ್ಲಿ ಟೈಪ್ ಮಾಡುವಾಗ ಸೊನ್ನೆ ಒತ್ತಿಬಿಟ್ಟಿದ್ದರು. ಕರಡು ತಿದ್ದಿದ ನನ್ನ ಕಣ್ಣಿಗೂ ಬೀಳಲಿಲ್ಲ. ಕಾಗದದ ಮೇಲೆ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಯಂತ್ರಕ್ಕೆ ಮಾತ್ರ ಅವೆರಡೂ ಬೇರೆ ಬೇರೆ ಸಂಕೇತ.

ಯಂತ್ರ ಕನ್ನಡ ಓದುವುದಿಲ್ಲ, ಬಂಧುಗಳೇ! ಅದು ಸಂಕೇತಕ್ಕೆ ಸಂಕೇತ ಹೋಲಿಸುತ್ತದೆ, ಅಷ್ಟೇ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೆ ‘ಕೊಬ್ಬರಿ’ಯ ‘ಕೊ’ ಬರೆಯಲು ಅಲ್ಲಿ ಎರಡು ದಾರಿ ಇವೆ: ಒತ್ವವನ್ನು ಒಂದೇ ಸಂಕೇತವಾಗಿ ಕೊಡಬಹುದು, ಇಲ್ಲವೇ ಎತ್ವಕ್ಕೆ ಊಕಾರದ ಚಿಹ್ನೆ ಸೇರಿಸಬಹುದು. ಕಾಣುವುದು ಒಂದೇ ಅಕ್ಷರ. ಇವೆರಡನ್ನೂ ಒಂದೇ ಎಂದು ಎಣಿಸಬೇಕೆಂಬ ನಿಯಮ ಯೂನಿಕೋಡ್‌ನಲ್ಲೇ ಇದೆ. ತಂತ್ರಾಂಶ ಮಾಡಿದವನು ಆ ನಿಯಮ ಅಳವಡಿಸದಿದ್ದರೆ ಮಗುವಿನ ಅಂಕ ಹೋಯಿತು. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದಿದ್ದರೆ ಒಂದು ಉತ್ತರ, ಇಲ್ಲದಿದ್ದರೆ ಇನ್ನೊಂದು! 5, ೫, ಐದು ಮೂರೂ ಸರಿ ಎಂದು ಮೇಷ್ಟ್ರಿಗೆ ಗೊತ್ತು. ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು.

ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಭೇದ ಲೆಕ್ಕಿಸಬೇಡ ಎಂದು ಹೇಳುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿ ಇದೆ. ಕನ್ನಡದ ಅನುಸ್ವಾರಕ್ಕೆ ಆ ಮರ್ಯಾದೆ ಏಕಿಲ್ಲ? ಕೇಳುವವರಿಲ್ಲ, ಅದಕ್ಕೆ!

2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆ ನೆನಪಿದೆಯೇ? ಕನ್ನಡ ಅನುವಾದದ ತಪ್ಪುಗಳಿಂದ ಗದ್ದಲವೆದ್ದು ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಅದರಲ್ಲೂ ತಪ್ಪುಗಳೆಂದು ಅಭ್ಯರ್ಥಿಗಳು ಮತ್ತೆ ಬೀದಿಗಿಳಿದರು. ಉತ್ತರದ ಹಾಳೆ ಓದುವ ಯಂತ್ರಕ್ಕೆ ಪ್ರಶ್ನೆಯೇ ತಪ್ಪೆಂದು ಗೊತ್ತಾಗುವುದಿಲ್ಲ. ಅದನ್ನು ಹಿಡಿದದ್ದು ಕನ್ನಡ ಬಲ್ಲ ಮನುಷ್ಯರು. ಅವರು ದೊಡ್ಡವರು, ಕೂಗಿ ಕೇಳಿದರು. ಐದನೇ ತರಗತಿಯ ಮಗು ಎಲ್ಲಿ ಹೋಗಿ ಕೂಗಬೇಕು?

ನನ್ನ ಎದೆಗೆ ನಾಟಿದ್ದು ಅಂಕವಲ್ಲ. ಸೊನ್ನೆ ಬಿದ್ದ ಒಬ್ಬ ಹುಡುಗಿ ಮೇಷ್ಟ್ರನ್ನು ಕೇಳಿದಳಂತೆ: “ಕನ್ನಡದಾಗೆ ಬರುದ್ರೆ ತಪ್ಪು ಅಂತದೆ ಸಾರ್, ಇಂಗ್ಲಿಷ್‌ನಾಗೆ ಬರೀಲಾ?” ಕೇಳಿದಿರಾ! ನಾವು ನಾಮಫಲಕಕ್ಕೆ ಹೋರಾಡುತ್ತಿರುವಾಗ ಹತ್ತು ವರ್ಷದ ಮಗು ತರಗತಿಯಲ್ಲೇ ಕನ್ನಡ ಬಿಡಲು ಸಿದ್ಧವಾಗಿದೆ.

ಯಂತ್ರ ಬೇಡ ಎನ್ನುವವನಲ್ಲ ನಾನು. ಮೊಳೆ ಜೋಡಿಸಿ, ಟ್ರೆಡಲ್ ತುಳಿದು, ಕಂಪ್ಯೂಟರಿಗೆ ಬಂದವನು. ಯಂತ್ರದ ಅನ್ನ ಉಂಡವನು. ಒಬ್ಬರೇ ಮೇಷ್ಟ್ರು ಮೂರು ತರಗತಿ ನೋಡುವ ಶಾಲೆಗಳಲ್ಲಿ ಇಂಥ ಕ್ವಿಜ್ ದೊಡ್ಡ ಸಹಾಯ. ಆದರೆ ಕರಡು ತಿದ್ದದೆ ಅಚ್ಚಿಗೆ ಕಳಿಸಬಾರದು ಎಂಬ ನಮ್ಮ ಕಸುಬಿನ ನಿಯಮ ಅಂಕಕ್ಕೂ ಬೇಕು.

ಆಗಬೇಕಾದ್ದು ಇಷ್ಟು. ಗುರುತು ಹಾಕುವ ಪ್ರಶ್ನೆಗಳನ್ನು ಯಂತ್ರ ನೋಡಲಿ. ಬರೆಯುವ ಉತ್ತರಗಳನ್ನು ಮೇಷ್ಟ್ರು ನೋಡಿದ ಮೇಲೆಯೇ ಅಂಕ ಹೊರಬೀಳಲಿ. ಗೂಗಲ್ ಫಾರ್ಮ್ಸ್‌ನಲ್ಲಿ ಒಂದೇ ಪ್ರಶ್ನೆಗೆ ಹಲವು ಸರಿಯುತ್ತರ ತುಂಬಬಹುದು, ಅಂಕವನ್ನು ತಡೆದು ಪರಿಶೀಲಿಸಿ ಆಮೇಲೆ ಕೊಡಬಹುದು. ಮೇಷ್ಟ್ರುಗಳಿಗೆ ಇದನ್ನು ಕಲಿಸಿ. ಸರ್ಕಾರ ಶಾಲೆಗೆ ತಂತ್ರಾಂಶ ಕೊಳ್ಳುವ ಮೊದಲು ಕನ್ನಡದ ಉತ್ತರ ಹಾಕಿ ಪರೀಕ್ಷಿಸಲಿ. ತೇರ್ಗಡೆಯಾಗದಿದ್ದರೆ ಹಣ ಕೊಡಬಾರದು!

ಬೆಂಗಳೂರಿನ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತಿರುವ ಕನ್ನಡದ ಹುಡುಗ ಹುಡುಗಿಯರೇ, ಇದು ನಿಮ್ಮ ಕೈಯಲ್ಲೇ ಇರುವ ಕೆಲಸ. 1982ರಲ್ಲಿ ಗೋಕಾಕ್ ವರದಿಗಾಗಿ ನಿಮ್ಮ ಅಪ್ಪ ಅಮ್ಮಂದಿರು ಬೀದಿಗಿಳಿದರು. ನೀವು ಒಂದು ಭಾನುವಾರ ನಿಮ್ಮೂರಿನ ಶಾಲೆಗೆ ಹೋಗಿ. ಆ ಕ್ವಿಜ್ ತೆರೆದು, ಕನ್ನಡದಲ್ಲಿ ಉತ್ತರ ಬರೆದು ನೋಡಿ. ತಪ್ಪು ಕಂಡರೆ ಮಾಡಿದವರಿಗೆ ಕನ್ನಡದಲ್ಲೇ ಬರೆಯಿರಿ. ತಿದ್ದುವವರೆಗೂ ಬಿಡಬೇಡಿ.

ಮೇಷ್ಟ್ರು ಆ ತರಗತಿಗೆ ಅಂಕವನ್ನು ಕೈಯಾರೆ ತಿದ್ದಿ ಕೊಟ್ಟರು. ನಾನು ನನ್ನ ಫೈಲುಗಳನ್ನು ಒಂದೊಂದಾಗಿ ತೆಗೆದು ಸೊನ್ನೆ ಹುಡುಕುತ್ತಿದ್ದೇನೆ.

ಸಿರಿಗನ್ನಡಂ ಗೆಲ್ಗೆ!