ಭಾವಗೀತೆಯ ದೃಶ್ಯಪಾಠ: ಒಂದು ವಿಡಿಯೊ ಕ್ಯಾಸೆಟ್ಟಿನ ನೆಪದಲ್ಲಿ

ಭಾವಗೀತೆಯ ಅಧ್ಯಯನವೆಂದರೆ ಮುದ್ರಿತ ಕವನಸಂಕಲನದ ಅಧ್ಯಯನವೆಂಬುದು ನಮ್ಮ ವಿಭಾಗಗಳಲ್ಲಿ ರೂಢಿ. ಕವಿತೆ ಹಾಡಾದೊಡನೆ ಅದು ಸಂಗೀತದವರ ಸ್ವತ್ತು. ದೂರದರ್ಶನದಲ್ಲಿ ಕಾಣಿಸಿಕೊಂಡರಂತೂ ಬರಿಯ ಮನರಂಜನೆ. ಈ ವಿಂಗಡಣೆಯನ್ನು ನಾನೂ ಬಹುಕಾಲ ಒಪ್ಪಿಕೊಂಡಿದ್ದವನೇ. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಯೊಂದರಲ್ಲಿ ದೊರೆತ ವಿಡಿಯೊ ಕ್ಯಾಸೆಟ್ಟು ಆ ನಿಲುವನ್ನು ಅಲುಗಿಸಿತು.

ಆ ಮನೆಯ ಯಜಮಾನರು ಟಿ.ವಿ.ಯಿಂದಲೇ ಧ್ವನಿ-ದೃಶ್ಯ ಎರಡನ್ನೂ ಹಿಡಿದಿಟ್ಟಿದ್ದ ಕಾರ್ಯಕ್ರಮವದು. ಸಿ. ಅಶ್ವಥ್ ಶಿಶುನಾಳ ಶರೀಫರ ತತ್ವಪದಗಳನ್ನು ಹಾಡುತ್ತಾರೆ. ಮನೆಯವರ ಯಂತ್ರ ಕೆಟ್ಟಿದ್ದುದರಿಂದ ಚಳ್ಳಕೆರೆಯ ಫೋಟೊ ಸ್ಟುಡಿಯೊ ಒಂದರಲ್ಲಿ ಅದನ್ನು ನೋಡಬೇಕಾಯಿತು. ಚಿತ್ರ ನಡುನಡುವೆ ಗೀರುಗೀರಾಗುತ್ತದೆ. ಆದರೂ ಪಲ್ಲವಿಗೆ ಮರಳಿದಾಗಲೆಲ್ಲ ಗಾಯಕ ಒತ್ತನ್ನು ಬೇರೊಂದು ಪದದ ಮೇಲೆ ಇಡುವುದು, ಕೈಯೆತ್ತಿ ತಡೆದು ನಿಲ್ಲುವುದು, ಪಕ್ಕವಾದ್ಯದವರತ್ತ ತಿರುಗಿ ನಗುವುದು ಎಲ್ಲವೂ ಸ್ಪಷ್ಟ. ತತ್ವಪದದ ಒಗಟು ಪದಕೋಶದಿಂದ ಬಿಡಿಸಿಕೊಳ್ಳುವಂಥದಲ್ಲ. ಅದೇ ಸಾಲು ಮರಳಿ ಬರುವಾಗ ಗಂಭೀರವಾದದ್ದು ಹಾಸ್ಯವಾಗಿ, ಹಾಸ್ಯ ದಿಗಿಲಾಗಿ ಹೊರಳುವುದರಿಂದ ಅರ್ಥ ತೆರೆಯುತ್ತದೆ. ಈ ಹೊರಳು ಪುಸ್ತಕದಲ್ಲಿಲ್ಲ. ಧ್ವನಿಸುರುಳಿಯಲ್ಲಿ ಅರ್ಧ ಮಾತ್ರ ಇದೆ.

ಇದೇ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯ ವಿಷಯದಲ್ಲಿ ನಮಗೆ ಇಂಥ ಅನುಮಾನ ಬರಲಿಲ್ಲ. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ‘ಸಾವಿರದ ಸಿರಿ ಬೆಳಗು’ ಎಂದು ಸಂಗ್ರಹಿಸಿದಾಗ, ಪಠ್ಯ ಮೊದಲು ಇದ್ದುದು ಆ ಕೊರಳಿನಲ್ಲೇ ಎಂಬುದನ್ನು ಜಾನಪದ ವಿದ್ವಾಂಸರು ಪ್ರಶ್ನಿಸಲಿಲ್ಲ. ಶರೀಫರ (1819–1889) ಪದಗಳೂ ಭಜನೆಯವರ ಬಾಯಲ್ಲಿ ಉಳಿದು ಆಮೇಲೆ ಅಚ್ಚಿಗೆ ಬಂದವು. ಹಾಗಿದ್ದ ಮೇಲೆ ಅಶ್ವಥ್ ಹಾಡಿಕೆಯನ್ನು ಆ ಪರಂಪರೆಯ ಮುಂದಿನ ಪಾಠವೆಂದು ಎಣಿಸದಿರಲು ಕಾರಣವೇನು? ಹಟ್ಟಿಯಲ್ಲಿ ಹಾಡಿದರೆ ಆಕರ, ಸ್ಟುಡಿಯೊದಲ್ಲಿ ಹಾಡಿದರೆ ಜನಪ್ರಿಯ ಸರಕು ಎಂಬ ಭೇದದಲ್ಲಿ ಶಾಸ್ತ್ರಕ್ಕಿಂತ ಮಡಿವಂತಿಕೆಯೇ ಹೆಚ್ಚೆಂದು ನನಗನ್ನಿಸುತ್ತದೆ.

ಕಾಲವೂ ನಮ್ಮ ಪರವಾಗಿಲ್ಲ. ಬೆಂಗಳೂರು ದೂರದರ್ಶನ ಆರಂಭವಾದ 1981ರಲ್ಲಿಯೇ ಪಿ. ಕಾಳಿಂಗರಾಯರು ತೀರಿಕೊಂಡರು, ಸುಗಮ ಸಂಗೀತದ ಮೊದಲ ದೊಡ್ಡ ದನಿಗೆ ಕಿರುತೆರೆಯ ದಾಖಲೆಯ ಯೋಗವೇ ಇರಲಿಲ್ಲ. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಮನೆಮಾತಾದ ಮೈಸೂರು ಅನಂತಸ್ವಾಮಿ 1995ರಲ್ಲಿ, ಅಶ್ವಥ್ 2009ರಲ್ಲಿ, ಶಿವಮೊಗ್ಗ ಸುಬ್ಬಣ್ಣ 2022ರಲ್ಲಿ ಅಗಲಿದರು. 2005ರ ‘ಕನ್ನಡವೇ ಸತ್ಯ’ದಂಥ ಬೃಹತ್ ಸಮಾರಂಭ ಜನರ ನೆನಪಿನಲ್ಲಿ ಉಳಿದೀತು. ಅರ್ಧ ಗಂಟೆಯ ಸ್ಟುಡಿಯೊ ಕಾರ್ಯಕ್ರಮಗಳ ಗತಿ ಹಾಗಲ್ಲ. ಅಂತರ್ಜಾಲದಲ್ಲಿ ಸಿಗುವ ತುಣುಕುಗಳು ಬಹುಮಟ್ಟಿಗೆ ಹಾಡಿನ ಹಿಂದುಮುಂದಿನ ಮಾತನ್ನು ಕತ್ತರಿಸಿದವು, ದಿನಾಂಕವಿಲ್ಲದವು. ಮನೆಗಳಲ್ಲಿರುವ ವಿಎಚ್‌ಎಸ್ ಸುರುಳಿಗಳ ಕಾಂತಲೇಪ ಸವೆಯುತ್ತಿದೆ; ಅವನ್ನು ಓಡಿಸುವ ಯಂತ್ರಗಳ ತಯಾರಿಕೆ 2016ರಲ್ಲಿ ನಿಂತಿತು. ನಮ್ಮ ಬಯಲುಸೀಮೆಯ ಒಣಹವೆ ಬೂಷ್ಟನ್ನು ತಡೆದೀತು, ಧೂಳನ್ನು ತಡೆಯದು.

ಹಸ್ತಪ್ರತಿ ಸಂಗ್ರಹಕ್ಕೆಂದು ಊರೂರು ಅಲೆದ ಪರಂಪರೆ ನಮ್ಮದು. ಓಲೆಗರಿಗೆ ತೋರಿದ ಶ್ರದ್ಧೆಯಲ್ಲಿ ಒಂದಿಷ್ಟನ್ನು ಈ ಸುರುಳಿಗಳಿಗೂ ತೋರಬೇಕು. ಸ್ವಾಮ್ಯ ಪ್ರಸಾರಕರದೇ ಆಗಿರುವುದರಿಂದ ಇದು ಮಾರಾಟದ ಮಾತಲ್ಲ, ಅಧ್ಯಯನ ಪ್ರತಿಯ ಮಾತು. ಹಾಡಿನ ಜೊತೆಗೆ ನಿರೂಪಕರ ಮಾತು, ಯಾರು ಯಾವಾಗ ಹಿಡಿದರೆಂಬ ವಿವರ, ಡಬ್ಬಿಯ ಮೇಲಿನ ಕೈಬರಹ ಇವೂ ದಾಖಲಾಗಬೇಕು. ಈ ವಿವರಗಳಿಲ್ಲದ ಪ್ರತಿ ಕಾಲನಿರ್ದೇಶವಿಲ್ಲದ ಹಸ್ತಪ್ರತಿಯಂತೆ.

ನಾನು ನೋಡಿದ ಡಬ್ಬಿಯ ಮೇಲೆ ‘ಅಶ್ವತ್ಥ, ಭಾನುವಾರ’ ಎಂದಷ್ಟೇ ಬರೆದಿತ್ತು. ಬರೆದವರು ಈಗಿಲ್ಲ. ಯಾವ ವರ್ಷದ್ದಿರಬಹುದೆಂದು ಕೇಳಿದೆ. ಅವರ ಪತ್ನಿ ಸ್ವಲ್ಪ ಯೋಚಿಸಿ, “ಎರಡ್ನೇ ಮಗ್ಗ ಹೂಡಿದ್ ವರ್ಷ ಇರ್ಬೇಕು ಮೇಷ್ಟ್ರೆ” ಎಂದರು.