‘ಸರ್ವರ್ ಡೌನ್’ ಅಂದರೆ ಸುಮ್ಮನೆ ಮನೆಗೆ ಹೋಗಬೇಕಾ?

ಸಂತೆಯಲ್ಲಿ ನೂರು ಗ್ರಾಂ ತೂಕ ಕಡಿಮೆ ಬಂದರೆ ನಾವು ಜಗಳ ತೆಗೆಯುತ್ತೇವೆ. ಬಿತ್ತಿದ ಬೀಜ ಹುಟ್ಟದಿದ್ದರೆ ಅಂಗಡಿ ಮುಂದೆ ಹೋಗಿ ಕೂರುತ್ತೇವೆ. ಆದರೆ ಆ್ಯಪ್ ಕೈಕೊಟ್ಟಾಗ ಮಾತ್ರ ತಲೆ ಬಗ್ಗಿಸುತ್ತೇವೆ. ‘ಸರ್ವರ್ ಡೌನ್, ನಾಳೆ ಬನ್ನಿ’ ಅಂದರೆ, ಮಳೆ ಬಂತು ಅನ್ನುವಷ್ಟು ಸಹಜವಾಗಿ ಒಪ್ಪಿಕೊಂಡು ವಾಪಸ್ ಬರುತ್ತೇವೆ.

ಮಳೆ ಯಾರ ಕೈಯಲ್ಲೂ ಇಲ್ಲ. ಸಾಫ್ಟ್‌ವೇರ್ ಹಾಗಲ್ಲ. ಅದನ್ನು ಬರೆದವರಿದ್ದಾರೆ, ಮಾರಿದವರಿದ್ದಾರೆ, ಲಾಭ ಎಣಿಸಿದವರಿದ್ದಾರೆ. ಕೆಟ್ಟಾಗ ಮಾತ್ರ ಯಾರೂ ಇಲ್ಲ ಅಂದರೆ ಹೇಗೆ?

‘ತಪ್ಪಿಲ್ಲದ ಸಾಫ್ಟ್‌ವೇರ್ ಬರೆಯಲು ಯಾರಿಂದಲೂ ಆಗಲ್ಲ’ ಅಂತ ಕಂಪನಿಗಳು ಹೇಳುತ್ತವೆ. ಒಪ್ಪೋಣ. ಲಕ್ಷಾಂತರ ಸಾಲುಗಳ ಕೋಡ್‌ನಲ್ಲಿ ತಪ್ಪು ಉಳಿಯುತ್ತದೆ. ನಾವು ಕೇಳುತ್ತಿರುವುದು ತಪ್ಪೇ ಇಲ್ಲದ ಸಾಫ್ಟ್‌ವೇರ್ ಅಲ್ಲ. ತಪ್ಪಾದಾಗ ನಷ್ಟ ಯಾರ ತಲೆಗೆ ಅನ್ನುವುದು ನಮ್ಮ ಪ್ರಶ್ನೆ. ಟ್ರಾಕ್ಟರ್ ಕೂಡ ಕೆಡುತ್ತದೆ, ಆದರೆ ಅದಕ್ಕೆ ವಾರಂಟಿ ಇದೆ. ಆ್ಯಪ್ ಹಾಕಿಕೊಳ್ಳುವಾಗ ನಾವು ಓದದೆ ‘ಒಪ್ಪಿದೆ’ ಅಂತ ಒತ್ತುವ ಕರಾರಿನಲ್ಲಿ ಸಾಮಾನ್ಯವಾಗಿ ಇರುವುದು ಇದರ ತದ್ವಿರುದ್ಧ: ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ, ನಷ್ಟವಾದರೆ ನಾವು ಹೊಣೆಯಲ್ಲ.

ಈ ಹೊಣೆಗೇಡಿತನ ಎಲ್ಲಿಗೆ ಮುಟ್ಟುತ್ತದೆ ಅಂತ ಬ್ರಿಟನ್ನಿನ ಅಂಚೆ ಕಚೇರಿಗಳನ್ನು ನೋಡಿ. ಅಲ್ಲಿ ಫುಜಿತ್ಸು ಕಂಪನಿಯ ‘ಹೊರೈಜನ್’ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಪರದೆ ಮೇಲೆ ಹಣ ಕಡಿಮೆ ತೋರಿಸಿತು. ‘ನಾವು ಮುಟ್ಟಿಲ್ಲ, ಯಂತ್ರವೇ ತಪ್ಪು’ ಅಂತ ಹಳ್ಳಿ, ಪಟ್ಟಣಗಳ ಪೋಸ್ಟ್ ಮಾಸ್ತರರು ಬೇಡಿಕೊಂಡರು. ಯಾರೂ ನಂಬಲಿಲ್ಲ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಕಳ್ಳರೆಂಬ ಹಣೆಪಟ್ಟಿ ಬಿತ್ತು. ಕೆಲವರು ಜೈಲಿಗೆ ಹೋದರು, ಕೆಲವರು ಮನೆ ಕಳೆದುಕೊಂಡರು. ಸಾಫ್ಟ್‌ವೇರ್‌ನಲ್ಲಿ ದೋಷಗಳಿದ್ದವು ಅಂತ ಕೋರ್ಟ್ ಹೇಳಿದ್ದು 2019ರಲ್ಲಿ. ಸಾಮೂಹಿಕವಾಗಿ ಶಿಕ್ಷೆ ರದ್ದುಪಡಿಸುವ ಕಾನೂನು ಬಂದದ್ದು 2024ರಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದೇ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಮೊದಲು ಕೆಲವೇ ಯಂತ್ರಗಳಿಗೆ ಹಾಕಿ ನೋಡಿ, ಆಮೇಲೆ ಉಳಿದವಕ್ಕೆ ಕಳಿಸಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ. ಇಂಥದ್ದನ್ನು ‘ಅನಿವಾರ್ಯ’ ಅನ್ನಲಾಗದು. ಇದು ಅವಸರ.

ಹೊಣೆ ಹೊರಿಸಲು ಸಾಧ್ಯವೇ ಇಲ್ಲ ಅನ್ನುವವರಿಗೆ ನಮ್ಮಲ್ಲೇ ಉತ್ತರ ಇದೆ. ಎಚ್‌ಡಿಎಫ್‌ಸಿ ಬ್ಯಾಂಕಿನ ಆನ್‌ಲೈನ್ ಸೇವೆ ಪದೇ ಪದೇ ನಿಂತಾಗ, 2020ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದರ ಹೊಸ ಕ್ರೆಡಿಟ್ ಕಾರ್ಡ್‌ಗಳನ್ನೇ ತಡೆಯಿತು. ಅದಕ್ಕೂ ಮೊದಲು, 2019ರಲ್ಲಿ ಬಂದ ರಿಸರ್ವ್ ಬ್ಯಾಂಕ್ ನಿಯಮ ನಮಗೆಲ್ಲ ಬೇಕಾದದ್ದು. ಯುಪಿಐನಲ್ಲಿ ಒಬ್ಬರಿಗೆ ಹಣ ಕಳಿಸಿ, ನಿಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ಮುಟ್ಟದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟ ಹಣವಾದರೆ, ಇಲ್ಲವೇ ಎಟಿಎಂನಲ್ಲಿ ನೋಟು ಬಾರದೆ ಹಣ ಕಡಿತವಾದರೆ, 5 ದಿನ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ನೀವು ಕೇಳದಿದ್ದರೂ ಅವರೇ ಕೊಡಬೇಕು.

ತಪ್ಪಿಗೆ ಬೆಲೆ ಕಟ್ಟಬಹುದು ಅಂತ ಈ ನೂರು ರೂಪಾಯಿ ತೋರಿಸಿದೆ. ಹಾಗಿದ್ದ ಮೇಲೆ ದುಡ್ಡು ಕೊಟ್ಟು ಕೊಂಡ ಬಿಲ್ಲಿಂಗ್ ಆ್ಯಪ್‌ಗೆ, ಲೆಕ್ಕದ ಸಾಫ್ಟ್‌ವೇರ್‌ಗೆ ಯಾಕಿಲ್ಲ? ಸಾಫ್ಟ್‌ವೇರನ್ನೂ ‘ಸರಕು’ ಅಂತ ಪರಿಗಣಿಸಿ, ದೋಷದ ಹೊಣೆ ಹೊರಿಸುವ ಕಾನೂನನ್ನು ಯುರೋಪಿಯನ್ ಒಕ್ಕೂಟ 2024ರಲ್ಲೇ ಒಪ್ಪಿದೆ. ಅಲ್ಲಿನ ದೇಶಗಳು 2026ರ ಡಿಸೆಂಬರ್‌ನಿಂದ ಅದನ್ನು ಜಾರಿ ಮಾಡಬೇಕು. ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೂ ಅನ್ಯಾಯದ ಕರಾರನ್ನು ರಾಜ್ಯ ಗ್ರಾಹಕ ಆಯೋಗ ರದ್ದು ಮಾಡಲು ಅವಕಾಶ ಇದೆ. ಆದರೆ ಕೇಳುವವರು ಬೇಕಲ್ಲ.

ಆದ್ದರಿಂದ ಮುಂದಿನ ಸಲ ಆ್ಯಪ್ ಕೈಕೊಟ್ಟರೆ ಪರದೆಯ ಫೋಟೊ ತೆಗೆದಿಡಿ. ದಿನ, ಸಮಯ, ವಹಿವಾಟಿನ ನಂಬರ್ ಬರೆದಿಡಿ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಬೇರೆ ಕಂಪನಿಗಳ ವಿಷಯಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ. ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆ ನೀವೇ ವಾದ ಮಾಡಬಹುದು.

ನೂರು ಗ್ರಾಂ ತೂಕಕ್ಕೆ ಜಗಳವಾಡುವ ಬಾಯಿ ನಮಗಿದೆ. ಅದನ್ನು ಇಲ್ಲೂ ತೆರೆಯೋಣ.